ಕಡಿವಾಣ ಹಾಕೋ ಮುಂಚೆ ಅವ್ರು ಕೇಳ್ತಾರೆ, ಫೋಟೋ ಹೊಡೆಯೋ ಮುಂಚೆ ನೀವು ಕೇಳಿದ್ರಾ?

ಅಮೆರಿಕದಲ್ಲಿ ನಾವಿರೋ ಊರಿನ ಕನ್ನಡದವರ ವಾಟ್ಸಾಪ್ ಗುಂಪಲ್ಲಿ ಬೆಳಬೆಳಗ್ಗೆ ಒಂದು ಫೋಟೋ. ನಡುವಯಸ್ಸಿನ ಒಬ್ಬರು, ತಲೆಗೆ ಚರ್ಮದ ಪಟ್ಟಿ, ಬಾಯಲ್ಲಿ ಕಡಿವಾಣ, ಕಾಲಿಗೆ ಗೊರಸಿನ ಥರದ ಬೂಟು, ಹಿಂದೆ ಬಾಲ, ಪಕ್ಕದಲ್ಲಿ ಲಗಾಮು ಹಿಡ್ಕೊಂಡು ಇನ್ನೊಬ್ಬರು. ಯಾರದೋ ಸ್ವಂತ ಜಾಗ, ಬೇಲಿ ಆಚೆಯಿಂದ ಜೂಮ್ ಮಾಡಿ ಹೊಡೆದಿದ್ದು ಅಂತ ನೋಡಿದ್ರೇ ಗೊತ್ತಾಗುತ್ತೆ. ಮುಖ ಸ್ಪಷ್ಟವಾಗಿದೆ. ಕೆಳಗೆ ನಗೋ ಎಮೋಜಿಗಳ ಮೆರವಣಿಗೆ, "ಹುರುಳಿ ಕೊಡ್ರೋ" ಅಂತ ಒಬ್ಬ, "ಈ ದೇಶ ಹಾಳಾಗೋಯ್ತು" ಅಂತ ಇನ್ನೊಬ್ಬ (ಗ್ರೀನ್ ಕಾರ್ಡಿಗೆ ಕ್ಯೂನಲ್ಲಿ ನಿಂತಿರೋ ಮಹಾಶಯ).

ಅದಕ್ಕೆ ಪೋನಿ ಪ್ಲೇ ಅಂತಾರೆ. ದೊಡ್ಡವರು, ಇಬ್ಬರೂ ಒಪ್ಪಿ, ಒಬ್ಬರು ಕುದುರೆ ಆಗ್ತಾರೆ, ಇನ್ನೊಬ್ಬರು ಲಗಾಮು ಹಿಡಿದು ನಡೆಸೋ ಹ್ಯಾಂಡ್ಲರ್. ಕೆಲವರಿಗೆ ಅದರಲ್ಲಿ ಕಾಮ ಇರುತ್ತೆ, ಕೆಲವರಿಗೆ ಇರಲ್ಲ, ನನಗೆ ಅದನ್ನ ವಿಚಾರಿಸೋ ಅಧಿಕಾರ ಯಾರೂ ಕೊಟ್ಟಿಲ್ಲ. ನನ್ನ ಜೊತೆ ಕೆಲಸ ಮಾಡ್ತಿದ್ದ ಒಬ್ಬರು ಈ ಗುಂಪಿನವರು, ನಂಬಿಕೆ ಬಂದ ಮೇಲೆ ಹೇಳಿದ್ರು, ಆಮೇಲೊಂದು ಶನಿವಾರ ಕರೆದ್ರು, ಹೋದೆ. ಹೌದು ಹೋದೆ, ಏನೀಗ?

ಊರಾಚೆ ಮುಸುಕಿನ ಜೋಳದ ಹೊಲಗಳ ನಡುವೆ ಒಂದು ಹಳೇ ಕೊಟ್ಟಿಗೆ. ನಾನು ಏನೇನೋ ಅಂದ್ಕೊಂಡು ಹೋಗಿದ್ದೆ, ಅಲ್ಲಿ ನೋಡಿದ್ರೆ ಮೊದಲ ಅರ್ಧ ಗಂಟೆ ಬರೀ ಮಾತು. ಮಂಡಿ ನೋವಿದ್ಯಾ, ಲಗಾಮು ಎಷ್ಟು ಎಳೀಬಹುದು, ಯಾವ ಜಾಗ ಮುಟ್ಟಬಾರದು, ಹೊಸಬರು ನೋಡ್ತಿರೋದು ಪರವಾಗಿಲ್ವಾ (ಅಂದ್ರೆ ನಾನು). ಬಾಯಲ್ಲಿ ಕಡಿವಾಣ ಇದ್ರೆ ಸಾಕು ನಿಲ್ಲಿಸು ಅಂತ ಹೇಳಕ್ಕಾಗಲ್ಲ ತಾನೇ, ಅದಕ್ಕೆ ಕಾಲಲ್ಲಿ ಇಷ್ಟು ಸಲ ಬಡಿದ್ರೆ ನಿಲ್ಲಿಸಬೇಕು ಅಂತ ಮೊದಲೇ ಮಾತಾಗಿರುತ್ತೆ, ಇಲ್ಲಾ ಕೈಯಲ್ಲೊಂದು ಚೆಂಡು ಹಿಡಿದಿರ್ತಾರೆ, ಅದು ಕೆಳಗೆ ಬಿತ್ತು ಅಂದ್ರೆ ಎಲ್ಲಾ ಅಲ್ಲಿಗೇ ಬಂದ್. ಕಡಿವಾಣನೂ ಕಬ್ಬಿಣದ್ದಲ್ಲ, ಹಲ್ಲು ಹೋಗುತ್ತಲ್ಲ, ರಬ್ಬರಿಂದು. ಕುದುರೆ ಸಾಮಾನು ರೈತರ ಅಂಗಡಿಯಲ್ಲಿ ಬೇಕಾದಷ್ಟು ಸಿಗುತ್ತೆ, ಆದ್ರೆ ಮನುಷ್ಯರ ತಲೆಗೆ ಎಲ್ಲಿ ಹಿಡಿಯುತ್ತೆ, ಚರ್ಮದ ಕೆಲಸದವರ ಹತ್ರ ಅಳತೆ ಕೊಟ್ಟು ಮಾಡಿಸ್ತಾರೆ. ಎದೆಪಟ್ಟಿ ಬಿಗಿದ ಮೇಲೆ ಆ ಹ್ಯಾಂಡ್ಲರ್ ಒಂದೊಂದು ಬಕಲ್ ಕೆಳಗೂ ಎರಡು ಬೆರಳು ತೂರಿಸಿ ನೋಡಿದ್ರು, ಒಂದು ಕಡೆ ಬೆರಳು ಹೋಗ್ಲಿಲ್ಲ, ಬಿಚ್ಚಿ ಮತ್ತೆ ಕಟ್ಟಿದ್ರು. ಬೆನ್ನ ಮೇಲೆ ಯಾರೂ ಕೂರಲಿಲ್ಲ, ಬೆನ್ನುಮೂಳೆ ಆಟದ ಸಾಮಾನಲ್ಲ ಅಂದ್ರು. ಬರೀ ನಡಿಗೆ, ಆಮೇಲೆ ಮಂಡಿ ಎತ್ತೆತ್ತಿ ಕುದುರೆ ಥರ ನಿಧಾನ ಓಟ (ಟ್ರಾಟ್), ತಿರುಗು ಅಂದ್ರೆ ತಿರುಗೋದು. ಜೊಲ್ಲು ಸುರೀತಿತ್ತು, ಹ್ಯಾಂಡ್ಲರ್ ಟವಲ್‌ನಲ್ಲಿ ಒರೆಸಿದ್ರು. ಮುಗಿದ ಮೇಲೆ ನೀರು, ಹೊದಿಯೋಕೆ ಕಂಬಳಿ, ಸ್ವಲ್ಪ ಹೊತ್ತು ಮೌನ. ಆಮೇಲೆ ಆ ಕುದುರೆ ನನ್ನ ಹತ್ರ ಬಂದು "ತಲೆಯಲ್ಲಿ ಮಾತು ನಿಂತೋಗುತ್ತೆ ಕಣಪ್ಪಾ, ಅದೇ ಸುಖ" ಅನ್ನೋ ಅರ್ಥದಲ್ಲಿ ಏನೋ ಅಂದ್ರು. ನಿಜ ಹೇಳ್ಲಾ, ನನಗೆ ಹೊಟ್ಟೆಕಿಚ್ಚಾಯ್ತು. ದಿನವಿಡೀ ಮೀಟಿಂಗಲ್ಲಿ ತಲೆ ಆಡಿಸಿ ಆಡಿಸಿ ಸಾಯೋ ನನ್ನ ತಲೆಯಲ್ಲಿ ಮಾತು ರಾತ್ರಿ ಎರಡಕ್ಕೂ ನಿಲ್ಲಲ್ಲ.

ಈಗ ಹೇಳಿ. ಅಷ್ಟೆಲ್ಲಾ ಕೇಳಿ ಕೇಳಿ ಒಂದು ಬಕಲ್ ಹಾಕೋರು ಅಸಹ್ಯ, ಒಂದು ಮಾತೂ ಕೇಳದೆ ಬೇಲಿ ಸಂದಿಯಿಂದ ಮುಖ ಹಿಡಿದು ನೂರಾರು ಜನಕ್ಕೆ ಹಂಚಿದೋರು ಸಂಸ್ಕಾರವಂತರು. ಚೆನ್ನಾಗಿದೆ.

"ಮಾನಸಿಕ ರೋಗ" ಅಂತ ಒಬ್ಬರು ಷರಾ ಬರೆದಿದ್ರು. ಅಮೆರಿಕದ ಮನೋವೈದ್ಯರ 2013ರ ಕೈಪಿಡಿ ಡಿಎಸ್ಎಂ-5 ಪ್ರಕಾರ, ತನಗೆ ಸಂಕಟ ಇಲ್ಲ, ಒಪ್ಪದವರಿಗೆ ಹಾನಿ ಇಲ್ಲ ಅಂದ್ರೆ ಬಯಕೆ ಬೇರೆ ಥರ ಇದ್ದ ಮಾತ್ರಕ್ಕೆ ಕಾಯಿಲೆ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2022ರಲ್ಲಿ ಜಾರಿಗೆ ಬಂದ ರೋಗಗಳ ಪಟ್ಟಿಯಿಂದ ಫೆಟಿಷಿಸಂ (ವಸ್ತುಗಳ ಮೇಲಿನ ಕಾಮದ ಸೆಳೆತ) ಅನ್ನೋ ಹೆಸರನ್ನೇ ಕಿತ್ತುಹಾಕಿದ್ದಾರೆ. "ಇದೆಲ್ಲಾ ಇಂಟರ್ನೆಟ್ ಬಂದ ಮೇಲಿನ ಹುಚ್ಚು" ಅಂತ ಇನ್ನೊಬ್ಬರು. ಸ್ವಾಮಿ, ಜರ್ಮನಿಯ ಹಾನ್ಸ್ ಬಾಲ್ಡುಂಗ್ 1513ರಲ್ಲಿ ಕೆತ್ತಿದ ಚಿತ್ರ ಹುಡುಕಿ ನೋಡಿ, ಸಾಕ್ಷಾತ್ ಅರಿಸ್ಟಾಟಲ್ ಮೈಮೇಲೆ ಬಟ್ಟೆ ಇಲ್ಲದೆ, ಬಾಯಲ್ಲಿ ಕಡಿವಾಣ, ಬೆನ್ನ ಮೇಲೆ ಫಿಲ್ಲಿಸ್ ಅನ್ನೋ ಹೆಂಗಸು ಚಾಟಿ ಹಿಡಿದು ಕೂತಿದ್ದಾಳೆ. ಕಟ್ಟುಕಥೆನೇ, ಗೇಲಿಗೆ ಕೆತ್ತಿದ್ದೇ. ಆದ್ರೆ ವೈಫೈ ಇರ್ಲಿಲ್ಲ.

ಸ್ಯಾನ್ ಫ್ರಾನ್ಸಿಸ್ಕೋ ಆಗಿದ್ರೆ ನಾನು ಇಷ್ಟು ಉರ್ಕೊಳ್ತಿರ್ಲಿಲ್ಲ. ಅಲ್ಲಿ ಫೋಲ್ಸಮ್ ಬೀದಿಯಲ್ಲಿ 1984ರಿಂದ ಇಂಥ ಬಯಕೆಗಳದ್ದೇ ಜಾತ್ರೆ ನಡೆಯುತ್ತೆ, ಯಾರೂ ತಿರುಗಿ ನೋಡಲ್ಲ. ನಮ್ಮದು ಡಿಮಾಯ್ನ್. ಹೆಸರಿಗೆ ಅಯೋವಾದ ರಾಜಧಾನಿ, ಜನ ಎರಡು ಲಕ್ಷ ಚಿಲ್ಲರೆ, ಅಂದ್ರೆ ನಮ್ಮ ಚಿಕ್ಕಮಗಳೂರಿಗಿಂತ ದೊಡ್ಡದು, ದಾವಣಗೆರೆಗಿಂತ ಸಣ್ಣದು. ಹಲ್ಲಿನ ಡಾಕ್ಟ್ರು ದಿನಸಿ ಅಂಗಡಿಯಲ್ಲಿ ಸಿಕ್ತಾರೆ, ಮ್ಯಾನೇಜರ್ ಚರ್ಚಲ್ಲಿ ಸಿಕ್ತಾನೆ. ಇಲ್ಲಿ ಕಾರಣ ಕೊಡದೆ ಕೆಲಸದಿಂದ ತೆಗೀಬಹುದು, ಮೊಂಟಾನಾ ರಾಜ್ಯ ಒಂದು ಬಿಟ್ರೆ ದೇಶದಲ್ಲೆಲ್ಲಾ ಹೆಚ್ಚುಕಮ್ಮಿ ಇದೇ ಕಾನೂನು. ಅದಕ್ಕೇ ಈ ಪೋನಿ ಪ್ಲೇ ಗುಂಪಿನವರು ಹೊಸಬರನ್ನ ಮೊದಲು ಮಾಮೂಲಿ ಬಟ್ಟೆಯಲ್ಲಿ ಹೋಟೆಲಲ್ಲಿ ಭೇಟಿ ಮಾಡಿ, ಕಾಫಿ ಕುಡಿದು, ಆಸಾಮಿ ಎಂಥವನು ಅಂತ ತಿಳ್ಕೊಂಡೇ ಮುಂದಕ್ಕೆ ಕರೆಯೋದು. ಮಂಚ್ ಅಂತಾರೆ ಅದಕ್ಕೆ. ಅಲ್ಲೂ ಪೂರ್ತಿ ಹೆಸರು ಯಾರೂ ಕೇಳಲ್ಲ. ದೊಡ್ಡ ಊರಲ್ಲಿ ಒಂದು ಗುಂಪು ಒಡೆದ್ರೆ ಇನ್ನೊಂದಿರುತ್ತೆ, ಇಲ್ಲಿ ಇರೋದೇ ಬೆರಳೆಣಿಕೆ ಜನ, ಆ ಒಂದು ಫೋಟೋ ಓಡಾಡಿದ್ರೆ ಉಳಿದವರೂ ಹೆದರಿ ಬಾಗಿಲು ಹಾಕ್ಕೊಳ್ತಾರೆ.

ಇದೇ ಊರಲ್ಲಿ ಆಗಸ್ಟ್ ಬಂತು ಅಂದ್ರೆ ಸ್ಟೇಟ್ ಫೇರ್. ಬೆಣ್ಣೆಯಲ್ಲಿ ಹಸು ಮಾಡಿ ಗಾಜಿನೊಳಗೆ ನಿಲ್ಲಿಸ್ತಾರೆ, 1911ರಿಂದ. ಹಂದಿ ಕರೆಯೋ ಸ್ಪರ್ಧೆ, ಮೈಕ್ ಮುಂದೆ ನಿಂತು "ಸೂ...ಯೀ" ಅಂತ ಗಂಟಲು ಹರ್ಕೊಳ್ತಾರೆ. ಗಂಡಂದಿರನ್ನ ಕೂಗಿ ಕರೆಯೋದಕ್ಕೂ ಬೇರೆ ಸ್ಪರ್ಧೆ ಇದೆ. ನಮ್ಮ ಕನ್ನಡದವರೆಲ್ಲಾ ಮೊದಲ ಸಾಲಲ್ಲಿ ಕೂತು ಚಪ್ಪಾಳೆ ತಟ್ಟಿ ಸ್ಟೇಟಸ್ ಹಾಕ್ತಾರೆ. ಊರ ಜಾತ್ರೆಯ ಕೀಲುಕುದುರೆ ವಿಡಿಯೋ ಬಂದ್ರೆ ಕಣ್ಣಲ್ಲಿ ನೀರು. ಗೊತ್ತು, ಅದು ಕಲೆ, ಇದು ಖಾಸಗಿ ಖುಷಿ, ಎರಡೂ ಒಂದೇ ಅಂತ ನಾನು ಹೇಳ್ತಿಲ್ಲ, ಕಾಮೆಂಟಲ್ಲಿ ಕುಸ್ತಿಗೆ ಬರಬೇಡಿ.

"ಅಷ್ಟು ಭಯ ಇದ್ರೆ ಮನೆಯೊಳಗೆ ಮಾಡ್ಕೋಬೇಕು" ಅನ್ನೋದು ಕೊನೇ ಅಸ್ತ್ರ. ಅವರು ಮನೆಯೊಳಗೇ ಇದ್ರು ಮಾರಾಯ್ರೆ, ಸ್ವಂತ ಜಮೀನು, ಸುತ್ತ ಬೇಲಿ. ಹೊರಗಿದ್ದಿದ್ದು ನಿಮ್ಮ ಕ್ಯಾಮೆರಾ.

ಗುಂಪಲ್ಲಿ ಫೋಟೋ ತೆಗೀರಿ ಅಂತ ಬರೆದೆ. "ನೀವ್ಯಾಕೆ ಇಷ್ಟು ಉರ್ಕೊಳ್ತೀರಿ, ನೀವೂ ಕುದುರೆನಾ?" ಅಂತ ಉತ್ತರ ಬಂತು. ಯುಗಾದಿ ಊಟಕ್ಕೆ ಇದೇ ಜನ ಎಷ್ಟು ಪ್ರೀತಿಯಿಂದ ಹೋಳಿಗೆ ಬಡಿಸ್ತಾರೆ ಅಂತ ನೆನಪಾಗಿ ಇನ್ನೂ ಸಿಟ್ಟು ಬಂತು. ಫೋಟೋ ಇನ್ನೂ ಅಲ್ಲೇ ಇದೆ, ಅಡ್ಮಿನ್ ಸಾಹೇಬರು ನೋಡಿದ್ದಾರೆ, ನೀಲಿ ಟಿಕ್ ಬಿದ್ದಿದೆ. ನಿಮ್ಮಲ್ಲಿ ಯಾರಿಗಾದ್ರೂ ಫಾರ್ವರ್ಡ್ ಆಗಿ ಬಂದಿದ್ರೆ ದಯವಿಟ್ಟು ಅಳಿಸಿ, ಮುಂದಕ್ಕೆ ಕಳಿಸಬೇಡಿ. "ಯಾರದು, ಯಾವ ಕಂಪನಿ" ಅಂತ ನನ್ನ ಇನ್‌ಬಾಕ್ಸಿಗೆ ಬರೋರು ಬರಬೇಡಿ, ಸೀದಾ ಬ್ಲಾಕ್ ಮಾಡ್ತೀನಿ.