ಟ್ರೇಲರ್ ಯಾರದು ಅಂತ ಗೊತ್ತಾಗುವಷ್ಟರಲ್ಲಿ ಗಡುವು ಮುಗಿದಿತ್ತು

ಮೆಕ್ಕೆಜೋಳದ ಸುಗ್ಗಿ ಶುರುವಾದರೆ ಜಗಳೂರು ರಸ್ತೆಯಲ್ಲಿ ರಾತ್ರಿ ಬೈಕ್ ಓಡಿಸುವುದಕ್ಕೆ ಗುಂಡಿಗೆ ಬೇಕು. ಲೋಡಾದ ಟ್ರ್ಯಾಕ್ಟರ್ ಟ್ರೇಲರ್ ರಸ್ತೆ ಮಧ್ಯೆ ಕೆಟ್ಟು ನಿಂತಿರುತ್ತದೆ. ಹಿಂದೆ ಲೈಟಿಲ್ಲ, ಒಂದು ರೇಡಿಯಂ ಸ್ಟಿಕ್ಕರ್ ಕೂಡ ಇಲ್ಲ. ಗುದ್ದಿದವನು ಕಾಲು ಮುರಿದುಕೊಂಡು ದಾವಣಗೆರೆ ಆಸ್ಪತ್ರೆ ಸೇರುತ್ತಾನೆ.

ನಿಜವಾದ ಗೋಳು ಶುರುವಾಗುವುದು ಆಮೇಲೆ. ಟ್ರ್ಯಾಕ್ಟರ್ ಇಂಜಿನ್‌ಗೆ ಒಂದು ಆರ್‌ಸಿ, ಟ್ರೇಲರ್‌ಗೆ ಇನ್ನೊಂದು. ಎಷ್ಟೋ ಸಲ ಇಂಜಿನ್ ಒಬ್ಬರದು, ಟ್ರೇಲರ್ ಇನ್ನೊಬ್ಬರಿಂದ ಬಾಡಿಗೆಗೆ ತಂದದ್ದು. ಎಫ್‌ಐಆರ್‌ನಲ್ಲಿ ಇಂಜಿನ್ನಿನ ನೋಂದಣಿ ನಂಬರ್ ಮಾತ್ರ ಬರೆದಿರುತ್ತಾರೆ. ಅದನ್ನೇ ನಂಬಿ ಅದರ ಮಾಲೀಕರ ಮೇಲೆ, ಇನ್ಶೂರೆನ್ಸ್ ಕಂಪನಿ ಮೇಲೆ ಕ್ಲೇಮ್ ಹಾಕಿದ್ದಾಯಿತು. ವರ್ಷ ಕಳೆದ ಮೇಲೆ ಕಂಪನಿ ವಕೀಲರು ಎದ್ದು ನಿಂತು, 'ಗುದ್ದಿದ್ದು ಟ್ರೇಲರ್‌ಗೆ, ಅದರ ಮಾಲೀಕರನ್ನು ಕೇಸಿನಲ್ಲಿ ಪಾರ್ಟಿಯೇ ಮಾಡಿಲ್ಲ ಸ್ವಾಮಿ' ಅನ್ನುತ್ತಾರೆ. ಈಗ ಸೇರಿಸೋಣ ಅಂದರೆ ಗಡುವು ಮುಗಿದಿದೆ ಅನ್ನುವ ತಕರಾರು.

ಈ ಗಡುವಿನ ಕಥೆಯೂ ವಿಚಿತ್ರ. 1988ರ ಮೋಟಾರು ವಾಹನ ಕಾಯ್ದೆಯಲ್ಲಿ, ಅಪಘಾತವಾದ ಆರು ತಿಂಗಳೊಳಗೆ ಕ್ಲೇಮ್ ಹಾಕಬೇಕು ಅಂತ ಇತ್ತು. 1994ರಲ್ಲಿ ಅದನ್ನು ತೆಗೆದುಹಾಕಿದರು. 2019ರ ತಿದ್ದುಪಡಿಯಲ್ಲಿ ಮತ್ತೆ ತಂದು, 2022ರ ಏಪ್ರಿಲ್ 1ರಿಂದ ಜಾರಿ ಮಾಡಿದರು. ಹಳೆಯದರಲ್ಲಿ ತಡವಾದರೆ ಕಾರಣ ಹೇಳಿಕೊಳ್ಳುವುದಕ್ಕಾದರೂ ಒಂದು ದಾರಿ ಇತ್ತು. ಈಗಿನದರಲ್ಲಿ ಆ ಸಾಲೇ ಇಲ್ಲ. ತಡವಾಯಿತು ಅನ್ನುವ ಕಾರಣಕ್ಕೆ ಸದ್ಯಕ್ಕೆ ಅರ್ಜಿಗಳನ್ನು ವಜಾ ಮಾಡಬೇಡಿ ಅಂತ ಸುಪ್ರೀಂ ಕೋರ್ಟ್ 2025ರ ನವೆಂಬರ್‌ನಲ್ಲಿ ಮಧ್ಯಂತರ ಆದೇಶ ಕೊಟ್ಟಿದ್ದರಿಂದ ಸ್ವಲ್ಪ ಉಸಿರಾಡುವಂತಾಗಿದೆ. ಆದರೂ ಅದು ಮಧ್ಯಂತರ ಆದೇಶ ಅಷ್ಟೇ ಅಲ್ವಾ?

ಸಾಮಾನ್ಯ ಸಿವಿಲ್ ದಾವೆಗೆ ಇದಕ್ಕಿಂತ ಮನುಷ್ಯತ್ವ ಇರುವ ನಿಯಮ ಇದೆ. 1963ರ ಕಾಲಮಿತಿ ಕಾಯ್ದೆಯ 21ನೇ ಸೆಕ್ಷನ್ ನೋಡಿ. ಹೊಸ ಪ್ರತಿವಾದಿಯನ್ನು ಸೇರಿಸಿದರೆ, ಅವನ ಮಟ್ಟಿಗೆ ಕೇಸು ಶುರುವಾಗುವುದು ಸೇರಿಸಿದ ದಿನದಿಂದಲೇ. ಆದರೆ ಬಿಟ್ಟುಹೋಗಿದ್ದು ಪ್ರಾಮಾಣಿಕ ತಪ್ಪಿನಿಂದ ಅಂತ ಕೋರ್ಟಿಗೆ ಅನಿಸಿದರೆ ಹಿಂದಿನ ತಾರೀಖಿನಿಂದಲೇ ಲೆಕ್ಕ ಹಿಡಿಯಬಹುದು. ಇಂಥದ್ದೊಂದು ಮಾತು ಅಪಘಾತದ ಕ್ಲೇಮ್‌ಗೂ ಸ್ಪಷ್ಟವಾಗಿ ಬರಬೇಕು ಅನ್ನುವುದು ನನ್ನ ವಾದ.

ಎರಡು ಗಾಡಿ ಡಿಕ್ಕಿಯಾಗಿ ಒಳಗಿದ್ದ ಪ್ರಯಾಣಿಕರಿಗೆ ಪೆಟ್ಟಾಗಿದ್ದರೆ ಇಷ್ಟು ತಲೆಬಿಸಿ ಬೇಡ. ಎರಡೂ ಕಡೆ ತಪ್ಪಿದ್ದರೆ ಯಾರಾದರೂ ಒಬ್ಬರಿಂದಲೇ ಪೂರ್ತಿ ಪರಿಹಾರ ಕೇಳಬಹುದು ಅಂತ ಸುಪ್ರೀಂ ಕೋರ್ಟ್ 2015ರಲ್ಲೇ ಹೇಳಿದೆ. ಹಿರಿಯೂರು ಹತ್ತಿರ ಬಸ್ಸು-ಲಾರಿ ಡಿಕ್ಕಿ ಅಂತ ಆಗಾಗ ಓದುತ್ತೀವಲ್ಲ, ಅಂಥ ಕೇಸುಗಳಲ್ಲಿ ಇದು ನೆನಪಿರಲಿ.

ಎದುರು ಕಡೆಯವರ ಮಾತಿನಲ್ಲೂ ಹುರುಳಿದೆ. ಮೂರು ವರ್ಷದ ಮೇಲೆ ಏಕಾಏಕಿ ನೋಟಿಸ್ ಬಂದರೆ ಸಾಕ್ಷಿಯನ್ನು ಎಲ್ಲಿಂದ ತರಬೇಕು? ಗಾಡಿ ಮಾರಿ, ಆರ್‌ಸಿಯಲ್ಲಿ ಹೆಸರು ಬದಲಾಯಿಸದೆ ಬಿಟ್ಟವರ ಪಾಡು ನೋಡಿ. ಅಪಘಾತ ಆದದ್ದೇ ಅವರಿಗೆ ಗೊತ್ತಿರುವುದಿಲ್ಲ. ಆದರೂ ಆರ್‌ಸಿಯಲ್ಲಿ ಹೆಸರಿದ್ದವರೇ ಮಾಲೀಕರು ಅಂತ 2018ರ ತೀರ್ಪು ಇದೆ. (ಗಾಡಿ ಮಾರಿದವರು ಇವತ್ತೇ ಒಂದು ಸಲ ಆರ್‌ಸಿ ಚೆಕ್ ಮಾಡಿಕೊಳ್ಳಿ.) ಅಂಥವರನ್ನು ತಡವಾಗಿ ಎಳೆದು ತರುವಾಗ ಕೋರ್ಟು ನೂರು ಸಲ ಯೋಚಿಸಲಿ, ನನ್ನ ಅಭ್ಯಂತರ ಇಲ್ಲ.

ಟ್ರೇಲರ್ ಮಾಲೀಕರು ಹಾಗಲ್ಲ. ಠಾಣೆ ಮುಂದೆ ನಿಂತಿದ್ದ ಟ್ರೇಲರ್ ಬಿಡಿಸಿಕೊಳ್ಳುವುದಕ್ಕೆ ಅವರೇ ಬಂದು ಬಾಂಡ್ ಬರೆದುಕೊಟ್ಟಿರುತ್ತಾರೆ. ಅಪಘಾತ ಆದ ವಾರದಲ್ಲೇ ಎಲ್ಲಾ ಗೊತ್ತು. ಆಮೇಲೆ ಅಪಘಾತದ ಕ್ಲೇಮ್ ವಿಚಾರಿಸುವ ಟ್ರಿಬ್ಯೂನಲ್‌ನಲ್ಲಿ 'ನನ್ನನ್ನು ತಡವಾಗಿ ಸೇರಿಸಿದರು' ಅಂದರೆ ಒಪ್ಪುವ ಮಾತಾ? ಕ್ಯಾಲೆಂಡರ್ ನೋಡುವ ಮೊದಲು ಅವರಿಗೆ ಯಾವಾಗ ಗೊತ್ತಾಯಿತು ಅಂತ ಕೇಳಬೇಕು.

ಅಪಘಾತದ ವರದಿಯನ್ನು ಟ್ರಿಬ್ಯೂನಲ್‌ಗೆ ಕಳಿಸುವುದು ಮೋಟಾರು ವಾಹನ ಕಾಯ್ದೆಯ 159ನೇ ಸೆಕ್ಷನ್ ಪ್ರಕಾರ ಪೊಲೀಸರ ಕೆಲಸ. ಅದರಲ್ಲಿ ಎರಡೂ ಆರ್‌ಸಿ ಸೇರಿಸಿದ್ದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತಿತ್ತು. ಸೇರಿಸಿಲ್ಲವಾ? ಟ್ರೇಲರ್ ಯಾರದು ಅಂತ ಗೊತ್ತಾದ ಕೂಡಲೇ ಪಾರ್ಟಿ ಮಾಡುವ ಅರ್ಜಿ ಹಾಕಿಸಿ. ಠಾಣೆಯಲ್ಲಿ ಬರೆದುಕೊಟ್ಟ ಬಾಂಡಿನ ನಕಲನ್ನೂ ಅದರ ಜೊತೆಗಿಡಿ.