ಬಿಸಿಲೂರಿನವರು ಬಿಸಿಲೂರಿಗೆ ಹೊರಟಾಗ

ಬಿಸಿಲಿನ ದೇಶಗಳಲ್ಲಿ ಬೆನ್ನಿಗೊಂದು ಚೀಲ ಏರಿಸಿಕೊಂಡು ಬಸ್ಸು, ರೈಲಲ್ಲಿ ಸುತ್ತುವುದು ಹೇಗೆ ಅಂತ ಸಲಹೆ ಬರೆದವರಲ್ಲಿ ಮುಕ್ಕಾಲು ಪಾಲು ಚಳಿ ದೇಶದವರು. ಎರಡು ಪುಟ ಓದಿದರೆ ಗೊತ್ತಾಗಿಬಿಡುತ್ತದೆ. ನಲ್ಲಿ ನೀರು ಕುಡಿಯಬೇಡಿ, ಸೊಳ್ಳೆ ಕಚ್ಚುತ್ತದೆ, ರಸ್ತೆ ತುಂಬ ಹಾರ್ನ್, ಅಂಗಡಿಯವನು ಹೇಳಿದ ರೇಟಿಗೇ ಕೊಳ್ಳಬೇಡಿ, ನಡು ಮಧ್ಯಾಹ್ನ ಬಿಸಿಲಲ್ಲಿ ತಿರುಗಬೇಡಿ. ಇದನ್ನೆಲ್ಲ ನಮ್ಮ ಅಜ್ಜಿಯರು ಪುಕ್ಕಟೆ ಹೇಳಿ ಮುಗಿಸಿದ್ದಾರೆ. ದೀಪಾವಳಿಯ ಹಿಂದಿನ ರಾತ್ರಿ ಮೆಜೆಸ್ಟಿಕ್‌ನಲ್ಲಿ ಬಸ್ಸಿನ ಕಿಟಕಿಯಿಂದ ಕರ್ಚೀಫು ಎಸೆದು ಸೀಟು ಹಿಡಿದವರಿಗೆ ರಶ್ಶು ಅಂದರೇನು ಅಂತ ಹೊರಗಿನವರು ಬಂದು ವಿವರಿಸಬೇಕಾಗಿಲ್ಲ, ಅಲ್ವಾ?

ಹಾಗಂತ ನಮಗೆ ಸಲಹೆಯೇ ಬೇಡ ಅಂತಲ್ಲ. ನಮಗೆ ಬೇಕಾದ್ದು ಬೇರೆ ಥರದ್ದು. ತೆಂಗಿನಮರ, ಗದ್ದೆ, ಬಾಳೆ, ಹಲಸು ಕಂಡ ಕೂಡಲೇ ನಾವು 'ಇದೇನು, ನಮ್ಮ ಕುಂದಾಪುರವೇ' ಅಂದುಕೊಂಡು ಮೈಮರೆಯುತ್ತೇವೆ. ಯಾಮಾರುವುದು ಅಲ್ಲೇ.

ವಿಯೆಟ್ನಾಮನ್ನೇ ತೆಗೆದುಕೊಳ್ಳಿ. ಈಗ ಯಾರನ್ನು ಕೇಳಿದರೂ ಅಲ್ಲಿಗೆ ಹೋಗಿ ಬಂದವರೇ. ಮೇಲಿಂದ ಕೆಳಗೆ ಸುಮಾರು 1,650 ಕಿಲೋಮೀಟರ್ ಉದ್ದ. ನಡುವೆ ಒಂದು ಕಡೆ ಬರೀ 50 ಕಿಲೋಮೀಟರ್ ಅಗಲ. ಹನೋಯ್‌ನಲ್ಲಿ ವಿಮಾನ ಹತ್ತಿದರೆ ಎರಡು ಗಂಟೆ ಚಿಲ್ಲರೆಯಲ್ಲಿ ಸೈಗಾನ್ ಬಂತು. ಹಾಗೆ ಹಾರುವವರೇ ಜಾಸ್ತಿ: ಹಾ ಲಾಂಗ್ ಕೊಲ್ಲಿಯಲ್ಲಿ ದೋಣಿ, ಡಾ ನಾಂಗ್ ಹತ್ತಿರ ಎರಡು ದೊಡ್ಡ ಕೈ ಎತ್ತಿ ಹಿಡಿದಿರುವ ಸೇತುವೆ ಮೇಲೆ ಫೋಟೋ, ಸೈಗಾನ್‌ನಲ್ಲಿ ಶಾಪಿಂಗು, ವಾಪಸ್. ತಪ್ಪೇನಿಲ್ಲ, ರಜೆ ಸಿಗುವುದೇ ಅಷ್ಟು. ಆದರೆ ಆ ದೇಶವನ್ನು ಉದ್ದಕ್ಕೆ ನೆಲದ ಮೇಲೇ ದಾಟುವವರಿಗೆ ಕೆಲವು ವಿಷಯ ಹೇಳಲೇಬೇಕು.

ಮೊದಲನೆಯದು ಮಳೆ. ನಮ್ಮ ತಲೆಯಲ್ಲಿ ಮಳೆಗಾಲ ಅಂದರೆ ಜೂನ್‌ನಿಂದ ಸೆಪ್ಟೆಂಬರ್, ಅಷ್ಟು ದಾಟಿದರೆ ಆರಾಮ. ದಸರಾ ರಜೆಗೆ ಟಿಕೆಟ್ ತೆಗೆದರೆ ಒಳ್ಳೆಯ ಹವೆ ಅನ್ನುವುದು ನಮ್ಮ ಲೆಕ್ಕ. ವಿಯೆಟ್ನಾಮಿನ ನಡುಭಾಗಕ್ಕೆ ಈ ಲೆಕ್ಕ ಗೊತ್ತಿಲ್ಲ. ಹುವೆ, ಹೋಯಿ ಆನ್ ಕಡೆ ಮಳೆ ಜೋರಾಗುವುದೇ ಅಕ್ಟೋಬರ್, ನವೆಂಬರಿನಲ್ಲಿ. ಹೋಯಿ ಆನ್‌ನ ಹಳೆಯ ಮರದ ಮನೆಗಳ ಗೋಡೆಯ ಮೇಲೆ ನೆರೆ ನೀರು ಎಲ್ಲಿವರೆಗೆ ಏರಿತ್ತು ಅಂತ ಇಸವಿ ಸಮೇತ ಗುರುತು ಹಾಕಿರುತ್ತಾರೆ. ಕೆಲವು ಗುರುತು ನೋಡಲು ತಲೆ ಎತ್ತಬೇಕು. ದಕ್ಷಿಣದ ಸೈಗಾನ್‌ಗೆ ಮೇ ತಿಂಗಳಲ್ಲಿ ಶುರುವಾದದ್ದು ನವೆಂಬರ್ ತನಕ, ಹೆಚ್ಚಾಗಿ ಮಧ್ಯಾಹ್ನದ ಮೇಲೆ ಒಂದು ಗಂಟೆ ಧೋ ಅಂತ ಸುರಿದು ನಿಲ್ಲುವ ಮಳೆ. ಉತ್ತರದ ಹನೋಯ್‌ನದ್ದು ಇನ್ನೊಂದೇ ಕತೆ. ಜನವರಿಯಲ್ಲಿ ಅಲ್ಲಿ ಸ್ವೆಟರ್ ಬೇಕು. ಬಿಸಿಲಿನ ದೇಶ ತಾನೇ ಅಂತ ಬರೀ ಟೀಶರ್ಟು ಹಾಕಿಕೊಂಡು ಇಳಿದವರು ಗದಗುಟ್ಟುತ್ತಾ ಹಳೇ ಪೇಟೆಯಲ್ಲಿ ಜಾಕೆಟ್ ಹುಡುಕುತ್ತಾರೆ. ಫೆಬ್ರವರಿ, ಮಾರ್ಚಲ್ಲಿ ಜಿಟಿಜಿಟಿ ಹನಿ, ಗೋಡೆ ನೆಲ ಎಲ್ಲ ಬೆವರುತ್ತವೆ, ತೊಳೆದ ಬಟ್ಟೆ ಮೂರು ದಿನಕ್ಕೂ ಒಣಗುವುದಿಲ್ಲ. ಆಗುಂಬೆ ಕಡೆಯವರಿಗೆ ಆ ಮುಗ್ಗು ವಾಸನೆ ಪರಿಚಯ ಇರುತ್ತದೆ. ಒಟ್ಟಿನಲ್ಲಿ ಇಡೀ ದೇಶಕ್ಕೆ ಒಗ್ಗುವ ಒಂದು ತಿಂಗಳು ಅಂತಿಲ್ಲ. ಮಾರ್ಚ್ ಕೊನೆ, ಏಪ್ರಿಲ್ ಇದ್ದುದರಲ್ಲಿ ವಾಸಿ.

ಇಲ್ಲಿಂದ ರೇನ್‌ಕೋಟ್ ಹೊತ್ತುಕೊಂಡು ಹೋಗಬೇಡಿ. ಅಲ್ಲೇ ಕೊಳ್ಳಿ. ಕೋಟಿಗಿಂತ ಅದು ಹೊದಿಕೆ ಅನ್ನಬೇಕು, ತಲೆಯಿಂದ ಹಾಕಿಕೊಂಡರೆ ಬೆನ್ನಿನ ಚೀಲವೂ ಅದರೊಳಗೇ. ಸ್ಕೂಟರಿನವರ ಹೊದಿಕೆಯಂತೂ ನಿಂತು ನೋಡಬೇಕು. ಎರಡು ತಲೆಗೆ ಎರಡು ತೂತು, ಮುಂದೆ ಹೆಡ್‌ಲೈಟಿನ ಎದುರಿಗೆ ಸರಿಯಾಗಿ ಒಂದು ಚೌಕ ಪಾರದರ್ಶಕ ಪ್ಲಾಸ್ಟಿಕ್. ಗಂಡ, ಹೆಂಡತಿ, ಗಾಡಿ ಮೂರೂ ಒಂದೇ ಹೊದಿಕೆಯೊಳಗೆ, ಬೆಳಕು ಮಾತ್ರ ಹೊರಗೆ. ಇಷ್ಟು ಮಳೆ ಸುರಿಯುವ ನಮ್ಮಲ್ಲಿ ಇದು ಯಾರಿಗೂ ಹೊಳೆಯಲಿಲ್ಲವಲ್ಲ ಅಂತ ನನಗೆ ಹೊಟ್ಟೆ ಉರಿಯುತ್ತದೆ.

ಚೀಲದ ವಿಷಯ ಉದ್ದ ಮಾಡುವುದಿಲ್ಲ. ಜೀನ್ಸ್ ಬಿಟ್ಟು ಹೋಗಿ, ಒದ್ದೆಯಾದರೆ ಕಲ್ಲು. ಟರ್ಕಿ ಟವೆಲ್ ಬದಲು ನಮ್ಮ ತೆಳು ಪಂಚೆಯೊಂದು ಇರಲಿ, ಒರೆಸಲು, ಹೊದೆಯಲು, ಬಸ್ಸಿನ ಎಸಿ ಗಾಳಿ ತಡೆಯಲು ಎಲ್ಲಕ್ಕೂ ಆಗುತ್ತದೆ. ಬಟ್ಟೆಯನ್ನು ಕಿಲೋ ಲೆಕ್ಕದಲ್ಲಿ ಒಗೆದು ಕೊಡುವವರು ಬೀದಿಬೀದಿಗೆ ಸಿಗುತ್ತಾರೆ, ಹಾಗಾಗಿ ಮೂರು ಜೊತೆ ಸಾಕು. ಪ್ಲಗ್ ಹೆಚ್ಚಾಗಿ ಎರಡು ಪಿನ್ನಿನದು. ನಮ್ಮ ಫೋನಿನ ಚಾರ್ಜರ್ ಸಾಮಾನ್ಯವಾಗಿ ಕೂರುತ್ತದೆ, ಲ್ಯಾಪ್‌ಟಾಪಿನ ದಪ್ಪ ಮೂರು ಪಿನ್ನಿನದು ಕೂರುವುದಿಲ್ಲ. ಇನ್ನೊಂದು, ಚಳಿ ದೇಶದವರು ದೂರಿನ ಥರ ಬರೆಯುವ ವಿಷಯ ನಮಗೆ ಶುಭ ಸುದ್ದಿ. ಅಲ್ಲಿನ ಕಕ್ಕಸುಗಳಲ್ಲಿ ನೀರು ಚಿಮ್ಮಿಸುವ ಪೈಪು ಇರುತ್ತದೆ. ವಿದೇಶ ಅಂದ ಕೂಡಲೇ ಚೊಂಬಿನ ಚಿಂತೆಯಲ್ಲೇ ಅರ್ಧ ನಿದ್ದೆ ಕಳೆದುಕೊಳ್ಳುವ ನಮ್ಮ ಹಿರಿಯರಿಗೆ ಇದನ್ನು ಮೊದಲೇ ಹೇಳಿಬಿಡಿ.

ವೀಸಾ ಕೂತಲ್ಲಿಂದಲೇ ಆಗುತ್ತದೆ. 2023ರ ಆಗಸ್ಟ್‌ನಿಂದ ಇ-ವೀಸಾ 90 ದಿನದ ತನಕ ಸಿಗುತ್ತಿದೆ. ಲಾವೋಸ್ ಕಡೆಯಿಂದಲೋ ಕಾಂಬೋಡಿಯಾ ಕಡೆಯಿಂದಲೋ ನೆಲದ ಗಡಿ ದಾಟುವವರು ಮಾತ್ರ ಆ ಗೇಟು ಇ-ವೀಸಾ ಒಪ್ಪುವ ಪಟ್ಟಿಯಲ್ಲಿ ಇದೆಯಾ ಅಂತ ನೋಡಿಕೊಂಡೇ ಅರ್ಜಿ ಹಾಕಬೇಕು. ಹೆಸರನ್ನು ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೇ ಬರೆಯಿರಿ. ಊರು, ಅಪ್ಪ, ತಾತ ಎಲ್ಲರೂ ಇನಿಶಿಯಲ್ಲಿನಲ್ಲಿ ಅಡಗಿ ಕೂತಿರುವ ನಮ್ಮ ಹೆಸರುಗಳಿಗೆ ಈ ಮಾತು ಎರಡು ಸಲ ಹೇಳಬೇಕು.

ರಸ್ತೆ ದಾಟುವುದಕ್ಕೆ ಬರೋಣ. ಸಿಲ್ಕ್ ಬೋರ್ಡ್ ದಾಟಿದವನಿಗೆ ಯಾವ ರಸ್ತೆ ಲೆಕ್ಕ ಅನ್ನುವ ಧೈರ್ಯ ನಮಗೆ. ಆದರೆ ಅಲ್ಲಿ ಗಾಡಿ ಓಡುವುದು ಬಲಗಡೆ. ನಮ್ಮ ಕುತ್ತಿಗೆಗೆ ಹುಟ್ಟಿದಾಗಿನಿಂದ ಮೊದಲು ಬಲಕ್ಕೆ ತಿರುಗಿ ಅಭ್ಯಾಸ, ಸ್ಕೂಟರು ಬರುವುದು ಎಡದಿಂದ. ಎರಡನೆಯದು, ನಾವು ಕೈ ತೋರಿಸಿ ಓಡಿ ದಾಟುವವರು, ನಡುವೆ ಹೆದರಿ ಒಂದು ಹೆಜ್ಜೆ ಹಿಂದೆ ಇಡುವವರು. ಅಲ್ಲಿ ಹಾಗೆ ಮಾಡಿದರೆ ಕೆಟ್ಟಿರಿ. ನಿಧಾನವಾಗಿ, ಒಂದೇ ವೇಗದಲ್ಲಿ, ನಿಲ್ಲದೆ ನಡೆಯಬೇಕು. ಬರುವ ನೂರು ಸ್ಕೂಟರುಗಳೂ ನಿಮ್ಮ ಮುಂದಿನ ಹೆಜ್ಜೆ ಎಲ್ಲಿ ಬೀಳುತ್ತದೆ ಅಂತ ಲೆಕ್ಕ ಹಾಕಿಯೇ ಬರುತ್ತಿರುತ್ತವೆ, ಬಂಡೆ ಬಳಸಿ ಹರಿಯುವ ಹೊಳೆಯ ಹಾಗೆ ಎರಡೂ ಕಡೆ ಸರಿದು ಹೋಗುತ್ತವೆ. ಬಸ್ಸು, ಕಾರಿಗೆ ಈ ನಂಬಿಕೆ ಬೇಡ. ಅವು ಬಂದರೆ ಸುಮ್ನೆ ನಿಂತುಬಿಡಿ.

ದುಡ್ಡಿನಲ್ಲಿ ಸೊನ್ನೆ ಜಾಸ್ತಿ. ಮೂರು ಸೊನ್ನೆ ಕಿತ್ತು ಮೂರರಿಂದ ಗುಣಿಸಿ, ಮೇಲೊಂದಿಷ್ಟು ಸೇರಿಸಿದರೆ ಹೆಚ್ಚುಕಡಿಮೆ ರೂಪಾಯಿ ಆಯಿತು. 30,000 ಡಾಂಗ್‌ನ ಕಾಫಿ ಅಂದರೆ ನಮ್ಮ ನೂರು ರೂಪಾಯಿ. ಎಚ್ಚರ ಇರಬೇಕಾದ್ದು ಬಣ್ಣದ ಬಗ್ಗೆ. 20,000ದ ನೋಟೂ ನೀಲಿ, 5,00,000ದ್ದೂ ನೀಲಿ, ಎರಡರಲ್ಲೂ ಹೋ ಚಿ ಮಿನ್ ಒಂದೇ ಥರ ನೋಡುತ್ತಿರುತ್ತಾರೆ. ರಾತ್ರಿ ಬೀದಿದೀಪದ ಕೆಳಗೆ ಇಪ್ಪತ್ತರ ಬದಲು ಐನೂರರದ್ದು ಕೊಟ್ಟರೆ ಒಂದು ಬಾಟಲಿ ನೀರಿಗೆ ಸಾವಿರದ ಆರುನೂರು ರೂಪಾಯಿಗಿಂತ ಮೇಲೆ ಬಿತ್ತು ಅಂತಲೇ ಲೆಕ್ಕ. ದೊಡ್ಡ ನೋಟನ್ನು ಬೇರೆ ಜೇಬಿನಲ್ಲಿ ಇಡಿ, ಮುಗಿಯಿತು.

ಇನ್ನು ರೈಲು. ಇದರ ಬಗ್ಗೆ ಹೇಳಬೇಕು ಅಂತಲೇ ಇಷ್ಟು ಪೀಠಿಕೆ ಹಾಕಿದ್ದು. ಹನೋಯ್‌ನಿಂದ ಸೈಗಾನ್‌ಗೆ 1,726 ಕಿಲೋಮೀಟರ್, ಒಂದೇ ಹಳಿ, ಅದೂ ಮೀಟರ್ ಗೇಜ್. ಮೈಸೂರು, ಹುಬ್ಬಳ್ಳಿ ಲೈನುಗಳು ಮೀಟರ್ ಗೇಜ್ ಇದ್ದ ಕಾಲ ನೆನಪಿರುವವರಿಗೆ ಆ ಕುಲುಕಾಟ ತಕ್ಷಣ ಮೈಗೆ ಗೊತ್ತಾಗುತ್ತದೆ. ಫ್ರೆಂಚರು ಕಟ್ಟಿ ಮುಗಿಸಿದ್ದು 1936ರಲ್ಲಿ. ಯುದ್ಧದಲ್ಲಿ ತುಂಡುತುಂಡಾಗಿ, ದೇಶ ಒಂದಾದ ಮೇಲೆ 1976ರ ಡಿಸೆಂಬರಿನಲ್ಲಿ ಮತ್ತೆ ಪೂರ್ತಿ ಓಡಿತು. ಊರಿನ ಹೆಸರು ಹೋ ಚಿ ಮಿನ್ ಸಿಟಿ ಆದರೂ ಸ್ಟೇಷನ್ನಿನ ಹೆಸರು ಇವತ್ತಿಗೂ ಸೈಗಾನ್. ಒಂದೇ ಸಲಕ್ಕೆ ಕೂತರೆ ಮೂವತ್ತು ಗಂಟೆ ಮೀರುತ್ತದೆ, ಹಾಗೆ ಕೂರಬೇಡಿ. ಹುವೆಯಲ್ಲಿ ಇಳಿಯಿರಿ, ಡಾ ನಾಂಗ್‌ನಲ್ಲಿ ಇಳಿಯಿರಿ, ನಾ ಟ್ರಾಂಗ್‌ನಲ್ಲಿ ಇಳಿಯಿರಿ. ಬೆಸ ಸಂಖ್ಯೆಯ ರೈಲುಗಳು ದಕ್ಷಿಣಕ್ಕೆ, ಸರಿಸಂಖ್ಯೆಯವು ಉತ್ತರಕ್ಕೆ. ಮಲಗುವುದಕ್ಕೆ ಆರು ಜನರ ಗೂಡು ಒಂದು, ನಾಲ್ಕು ಜನರ ಗೂಡು ಒಂದು. ಆರರದ್ದರಲ್ಲಿ ತೀರಾ ಮೇಲಿನದು ಅಗ್ಗ, ಆದರೆ ಅಲ್ಲಿ ಎದ್ದು ಕೂರುವ ಹಾಗಿಲ್ಲ. ಮಲಗಿದರೆ ಮೂಗಿನ ಮೇಲೇ ಚಾವಣಿ. ಬೋಗಿಯ ತುದಿಯಲ್ಲಿ ಬಿಸಿನೀರಿನ ನಲ್ಲಿ ಇರುತ್ತದೆ, ಅದರೆದುರು ನೂಡಲ್ಸ್ ಡಬ್ಬಿ ಹಿಡಿದ ಜನ. ನೀವು ನಾಲ್ಕು ಪ್ಯಾಕೆಟ್ ರೆಡಿ ಉಪ್ಪಿಟ್ಟು ಒಯ್ದಿದ್ದರೆ ಆ ನಲ್ಲಿ ದೇವರಂತೆ ಕಾಣುತ್ತದೆ.

ಹುವೆಯಿಂದ ಡಾ ನಾಂಗ್‌ವರೆಗಿನ ತುಂಡನ್ನು ಹಗಲಲ್ಲೇ ಮಾಡಿ. ನಡುವೆ ಹೈ ವಾನ್ ಘಾಟಿ, 496 ಮೀಟರ್. ಬಸ್ಸುಗಳು 2005ರಲ್ಲಿ ಶುರುವಾದ ಆರು ಕಿಲೋಮೀಟರಿನ ಸುರಂಗದಲ್ಲಿ ನುಗ್ಗಿ ಆಚೆ ಹೋಗಿಬಿಡುತ್ತವೆ. ರೈಲಿಗೆ ಆ ಆತುರ ಇಲ್ಲ. ಗುಡ್ಡದ ಅಂಚು ಹಿಡಿದು, ತೆವಳಿ, ನಿಂತು, ಮತ್ತೆ ತೆವಳಿ ಸಮುದ್ರದ ನೆತ್ತಿಯ ಮೇಲೇ ಸುತ್ತುತ್ತದೆ. ದಕ್ಷಿಣಕ್ಕೆ ಹೋಗುವಾಗ ಎಡಗಡೆ ಕಿಟಕಿ ಹಿಡಿಯಿರಿ. ಉತ್ತರದ ಚಳಿಗಾಳಿಗೆ ಈ ಗುಡ್ಡವೇ ಗೋಡೆ, ಚಳಿಗಾಲದಲ್ಲಿ ಈಚೆ ಮೋಡ, ಹನಿ, ಆಚೆ ಇಳಿದರೆ ಬಿಸಿಲು. ಅಷ್ಟೂ ಹೊತ್ತು ಬಿಚ್ಚದೆ ಕೂತಿದ್ದ ಸ್ವೆಟರ್ ಅಲ್ಲಿ ಚೀಲ ಸೇರುತ್ತದೆ.

ರೈಲು ಹೋಗದ ಕಡೆಗೆ ಸ್ಲೀಪರ್ ಬಸ್ಸು. ನಮ್ಮದರ ಹಾಗೇ ಇರಬಹುದು ಅಂದುಕೊಳ್ಳಬೇಡಿ. ಬಾಗಿಲಲ್ಲೇ ಚಪ್ಪಲಿ ಬಿಚ್ಚಿಸಿ ಕೈಗೊಂದು ಪ್ಲಾಸ್ಟಿಕ್ ಕವರ್ ಕೊಡುತ್ತಾರೆ. ಒಳಗೆ ಮೂರು ಸಾಲು, ಎರಡು ಅಂತಸ್ತು. ಕಾಲನ್ನು ಮುಂದಿನವರ ಬೆನ್ನಿನ ಕೆಳಗಿರುವ ಒಂದು ಡಬ್ಬಿಯೊಳಗೆ ತೂರಿಸಬೇಕು. ಐದೂವರೆ ಅಡಿಯವರಿಗೆ ಅಡ್ಡಿಯಿಲ್ಲ, ಆರಡಿಯವರು ಮಂಡಿ ಮಡಚಿ ರಾತ್ರಿ ಕಳೆಯಬೇಕು. ಆದರೂ ದಕ್ಷಿಣದ ಫಾನ್ ಥಿಯೆಟ್ ಸುತ್ತಮುತ್ತ ರಾತ್ರಿ ದಾಟುವಾಗ ಪರದೆ ಸರಿಸಿ ನೋಡಿ. ಹೊಲ ತುಂಬ ಸಾಲುಸಾಲಾಗಿ ಬಲ್ಬು ಉರಿಯುತ್ತಿರುತ್ತದೆ. ಮದುವೆ ಮನೆಯೂ ಅಲ್ಲ, ಜಾತ್ರೆಯೂ ಅಲ್ಲ, ಡ್ರ್ಯಾಗನ್ ಹಣ್ಣಿನ ತೋಟ. ರಾತ್ರಿ ಬೆಳಕು ಕೊಟ್ಟರೆ ಹಗಲು ಉದ್ದವಾಗಿದೆ ಅಂತ ಗಿಡ ನಂಬಿ ಸೀಸನ್ ಅಲ್ಲದಾಗಲೂ ಹೂ ಬಿಡುತ್ತದಂತೆ. ನಮ್ಮಲ್ಲೂ ಈಗ ಡ್ರ್ಯಾಗನ್ ಹಣ್ಣು ಹಾಕಿದವರು ಇದ್ದಾರೆ, ಕರೆಂಟು ಬಿಲ್ಲು ನೆನೆಸಿಕೊಂಡು ಮುಂದೆ ಓದಲಿ.

ಊಟ. ಮಾಂಸ ತಿನ್ನುವವರಿಗೆ ನಾನೇನೂ ಹೇಳಬೇಕಾಗಿಲ್ಲ, ಹಬ್ಬ. ತರಕಾರಿಯವರ ಪಾಡು ಸ್ವಲ್ಪ ನಾಜೂಕು. ಬರೀ ಸೊಪ್ಪಿನ ಪಲ್ಯ ಅಂತ ತಂದಿಟ್ಟರೂ ಅದರಲ್ಲಿ ಮೀನಿನ ಸಾಸ್ ನಾಲ್ಕು ಹನಿ ಬಿದ್ದಿರುತ್ತದೆ. ಅವರ ಪಾಲಿಗೆ ಅದು ಉಪ್ಪು. 'ಮಾಂಸ ಬೇಡ' ಅಂದರೆ ಸಾಲದು. 'ಆನ್ ಚಾಯ್' ಅನ್ನಿ. ಬೌದ್ಧರ ಸಸ್ಯಾಹಾರ ಅದು, ಬೋರ್ಡಿನಲ್ಲಿ ಚಾಯ್ ಅಂತಿರುವ ಪುಟ್ಟ ಹೋಟೆಲುಗಳು ಎಲ್ಲ ಊರಲ್ಲೂ ಸಿಗುತ್ತವೆ, ಹುವೆಯಲ್ಲಿ ಇನ್ನೂ ಜಾಸ್ತಿ. ಅಮಾವಾಸ್ಯೆ, ಹುಣ್ಣಿಮೆಗೆ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಮಾಮೂಲಿ ದಿನ ಮಾಂಸ ತಿನ್ನುವ ಎಷ್ಟೋ ಜನ ಆವತ್ತು ಬಿಟ್ಟಿರುತ್ತಾರೆ. ನಮ್ಮ ಶ್ರಾವಣ ಸೋಮವಾರದ ಲೆಕ್ಕ. ಒಳಗೆ ಹೋದ ಮೇಲೆ ಒಂದು ಗಾಬರಿ ಕಾದಿರುತ್ತದೆ. ತಟ್ಟೆಯಲ್ಲಿ ಸಿಗಡಿ! ಬಾಲ, ಪಟ್ಟೆ, ಕೆಂಪು ಬಣ್ಣ ಎಲ್ಲ ಇದ್ದ ಸಿಗಡಿ. ಗಾಬರಿಯಾಗಬೇಡಿ, ಹಿಟ್ಟಿನಿಂದ ಮಾಡಿದ್ದು. ಬಿಟ್ಟ ಮೇಲೂ ಇಷ್ಟು ಆಸೆ ಯಾಕಪ್ಪಾ ಅಂತ ನಮ್ಮ ಕಡೆಯ ಹೆಂಗಸೊಬ್ಬರು ಅದನ್ನು ಚಮಚದಲ್ಲಿ ದೂಡಿ ದೂಡಿ ನೋಡುತ್ತಿದ್ದರು. ಮೊಸರಿನ ಬಗ್ಗೆ ಮಾತ್ರ ಆಸೆ ಇಟ್ಟುಕೊಳ್ಳಬೇಡಿ. ಕಪ್ಪಿನಲ್ಲಿ ಸಿಗುತ್ತದೆ, ಸಿಹಿ ಇರುತ್ತದೆ. ಅನ್ನಕ್ಕೆ ಕಲಸಿದರೆ ಏನಾಗುತ್ತದೆ ಅಂತ ನಾನು ಹೇಳುವುದಿಲ್ಲ.

ಹೋಯಿ ಆನ್‌ನಿಂದ ಅರ್ಧ ದಿನ ಬಿಡುವು ಮಾಡಿಕೊಂಡು ಮಿ ಸನ್‌ಗೆ ಹೋಗಿ, ಬೆಳಿಗ್ಗೆ ಬೇಗ. ಕಾಡಿನ ನಡುವೆ, ಹಿಂದೆ ಆ ನಡುಭಾಗವನ್ನು ಆಳಿದ ಚಾಮ್ ರಾಜರ ಇಟ್ಟಿಗೆಯ ಶಿವಾಲಯಗಳು. ನಾಲ್ಕನೇ ಶತಮಾನದಲ್ಲಿ ಭದ್ರವರ್ಮ ಅನ್ನುವ ರಾಜ ಇಲ್ಲಿ ದೇವರಿಗೆ ಭದ್ರೇಶ್ವರ ಅಂತ ಹೆಸರಿಟ್ಟ. ಪಟ್ಟದಕಲ್ಲಿನಲ್ಲಿ ವಿಜಯಾದಿತ್ಯ ವಿಜಯೇಶ್ವರನನ್ನು, ಲೋಕಮಹಾದೇವಿ ಲೋಕೇಶ್ವರನನ್ನು ನಿಲ್ಲಿಸಿದ್ದನ್ನು ಬಲ್ಲವರಿಗೆ ಈ ರೂಢಿ ಹೊಸದಲ್ಲ. ಎಲ್ಲಕ್ಕಿಂತ ಎತ್ತರದ ಗುಡಿ 1969ರಲ್ಲಿ ಅಮೆರಿಕದ ಬಾಂಬಿಗೆ ಉರುಳಿತು, ಬಾಂಬು ಬಿದ್ದ ಗುಂಡಿಗಳು ಇನ್ನೂ ಪಕ್ಕದಲ್ಲೇ ಇವೆ. ಈಚೆಗೆ ದುರಸ್ತಿಗೆ ಹೋದ ನಮ್ಮ ಪುರಾತತ್ವ ಇಲಾಖೆಯವರಿಗೆ 2020ರಲ್ಲಿ ಮಣ್ಣೊಳಗೆ ಒಂದೇ ಕಲ್ಲಿನ ಶಿವಲಿಂಗ ಸಿಕ್ಕಿತು.

ಕೊನೆಗೆ ವಾಪಸ್ ಬರುವಾಗ ತರುವ ಸಾಮಾನು. ಉಳಿದ ಡಾಂಗ್ ನೋಟು ಇಲ್ಲಿ ಬದಲಾಯಿಸಲು ಪರದಾಡಬೇಡಿ, ಅಲ್ಲೇ ಕಾಫಿ ಪುಡಿ ಕೊಳ್ಳಿ. ಡಾ ಲಾಟ್, ಬುವೊನ್ ಮಾ ಥುವೊಟ್ ಕಡೆಯ ಬೆಟ್ಟಗಳಲ್ಲಿ ಬೆಳೆಯುವುದು ಹೆಚ್ಚಾಗಿ ರೋಬಸ್ಟಾ, ಪ್ರಪಂಚದಲ್ಲೇ ಅದರಲ್ಲಿ ಅವರು ಮೊದಲು. ಲೋಟದ ಬಾಯಿ ಮೇಲೆ ಕೂರುವ ಪುಟ್ಟ ಅಲ್ಯುಮಿನಿಯಂ ಫಿಲ್ಟರೂ ಒಂದು ಇರಲಿ. ಡಿಕಾಕ್ಷನ್ ಹನಿಹನಿಯಾಗಿ ಇಳಿಯುವುದನ್ನು ಕಾಯುವ ತಾಳ್ಮೆ ನಮ್ಮವರಿಗೆ ಕಲಿಸಬೇಕಿಲ್ಲ, ಕೆಳಗೆ ಹಾಲಿನ ಬದಲು ಟಿನ್ನಿನ ಗಟ್ಟಿ ಸಿಹಿ ಹಾಲು ಇರುವುದಕ್ಕೆ ಮಾತ್ರ ಮನೆಯಲ್ಲಿ ಗೊಣಗಾಟ ಆಗಬಹುದು. ಕಾಳುಮೆಣಸೂ ಅಲ್ಲಿ ಚೆನ್ನಾಗಿರುತ್ತದೆ, ಇಟ್ಟಿಗೆ ಕಂಬಕ್ಕೆ ಹಬ್ಬಿಸಿ ಬೆಳೆಯುತ್ತಾರೆ. ಆದರೆ ಮಡಿಕೇರಿ, ಸಕಲೇಶಪುರದ ಕಡೆ ನೆಂಟರಿದ್ದರೆ ಆ ಪೊಟ್ಟಣ ಅವರ ಕಣ್ಣಿಗೆ ಬೀಳದಂತೆ ನೋಡಿಕೊಳ್ಳಿ. ವಿಯೆಟ್ನಾಂ ಮೆಣಸು ಶ್ರೀಲಂಕಾದ ಹೆಸರಲ್ಲಿ ಒಳಗೆ ಬಂದು ನಮ್ಮ ರೇಟು ಬೀಳಿಸಿತು ಅಂತ ಅವರು ಶುರು ಮಾಡಿದರೆ ಊಟದ ಎಲೆ ತೆಗೆಯುವ ತನಕ ನಿಲ್ಲಿಸುವುದಿಲ್ಲ.