ಹದಿನೇಳು ಜನ ನೋಡ್ತಿದ್ದಾರಂತೆ!

ಹೋದ ತಿಂಗಳು ನಮ್ಮ ಮನೆ ಕುಕ್ಕರ್ ಕೂಗುವುದನ್ನೇ ಬಿಟ್ಟಿತು. ಸುತ್ತಲೂ ಬುಸ್ ಅಂತ ಆವಿ, ಒಳಗೆ ಅರೆಬೆಂದ ಬೇಳೆ. ತಿಪಟೂರಿನಿಂದ ಬಂದಿದ್ದ ಅಮ್ಮ ಮುಚ್ಚಳ ತೆಗೆದು, ಗ್ಯಾಸ್ಕೆಟ್ ಎಳೆದು ನೋಡಿ, "ರಬ್ಬರ್ ಸಡಿಲ ಆಗಿದೆ ಕಣೋ, ಹೊಸದು ತಂದುಬಿಡು" ಅಂದಳು.

ಪಾತ್ರೆ ಅಂಗಡಿ ನಮ್ಮ ಮನೆಯಿಂದ ಇನ್ನೂರು ಹೆಜ್ಜೆ. ಆದರೂ ನಾನು ಫೋನ್ ತೆಗೆದೆ. ಬೆಂಗಳೂರಿನಲ್ಲಿ ಇನ್ನೂರು ಹೆಜ್ಜೆ ನಡೆದರೆ ಅದು ವಾಕಿಂಗ್ ಲೆಕ್ಕಕ್ಕೆ ಹೋಗುತ್ತದೆ. ಅದಕ್ಕೆ ಬೇರೆ ಶೂ ಬೇಕು.

ಗ್ಯಾಸ್ಕೆಟ್ ಸಿಕ್ಕಿತು. ಕೆಳಗೆ ಕೆಂಪು ಅಕ್ಷರ: "2 ಮಾತ್ರ ಉಳಿದಿವೆ." ಅದರ ಕೆಳಗೆ: "ಈಗ 17 ಜನ ಇದನ್ನು ನೋಡುತ್ತಿದ್ದಾರೆ." ಪಕ್ಕದಲ್ಲಿ ಗಡಿಯಾರ, ಆಫರ್ ಮುಗಿಯಲು ಇನ್ನು ಒಂಬತ್ತು ನಿಮಿಷ ಚಿಲ್ಲರೆ.

ಅಮ್ಮ ಕನ್ನಡಕ ಏರಿಸಿಕೊಂಡಳು. "ಯಾರೋ ಅವರು ಹದಿನೇಳು ಜನ?"

"ಗೊತ್ತಿಲ್ಲಮ್ಮ."

"ಎಲ್ಲರ ಮನೆ ಕುಕ್ಕರೂ ಇವತ್ತೇ ಕೆಟ್ಟಿತಾ? ಇರೋದು ಎರಡೇ ಅಂತಿದೆ. ಪಾಪ, ಯಾರ ಮನೇಲಿ ಮಗು ಹಸ್ಕೊಂಡಿದೆಯೋ. ನೀನು ಬಿಟ್ಬಿಡು, ಅವರು ತಗೊಳ್ಳಲಿ."

ಈ ಆ್ಯಪ್ ಮಾಡಿದ ಎಂಜಿನಿಯರ್‌ಗಳು ಮನುಷ್ಯರ ದುರಾಸೆ, ಭಯ, ಅವಸರ ಎಲ್ಲವನ್ನೂ ಲೆಕ್ಕ ಹಾಕಿರುತ್ತಾರೆ. ತಿಪಟೂರಿನ ಒಬ್ಬ ತಾಯಿ ಸಾಲಿನಲ್ಲಿ ಹಿಂದೆ ಸರಿದು ಜಾಗ ಬಿಟ್ಟುಕೊಡುತ್ತಾಳೆ ಅನ್ನುವುದನ್ನು ಮಾತ್ರ ಹಾಕಿರಲಿಲ್ಲ.

ಗಡಿಯಾರ ಸೊನ್ನೆ ಮುಟ್ಟುವವರೆಗೂ ಇಬ್ಬರೂ ಕಾದೆವು. ಮುಟ್ಟಿತು. ಒಂದು ಕ್ಷಣ ಸುಮ್ಮನಿದ್ದು, ಮತ್ತೆ ಹತ್ತು ನಿಮಿಷದಿಂದ ಶುರುವಾಯಿತು. ಗ್ಯಾಸ್ಕೆಟ್ ಅದೇ ಎರಡು, ಬೆಲೆ ಅದೇ 89. "ಇದು ನಮ್ಮ ಪ್ರೈವೇಟ್ ಬಸ್ ಏಜೆಂಟನ ಕಥೆ" ಅಂದಳು ಅಮ್ಮ. "ಹೊರಟೇಬಿಡ್ತು, ಹೊರಟೇಬಿಡ್ತು ಅಂತ ಒಂದು ಗಂಟೆ ಕೂಗ್ತಾನೆ. ಡ್ರೈವರ್ ನೋಡಿದ್ರೆ ಇನ್ನೂ ಇಡ್ಲಿ ತಿಂತಿರ್ತಾನೆ."

ವ್ಯಾಪಾರದ ಪಂಡಿತರು ಆಗಾಗ ಒಂದು ಪ್ರಶ್ನೆ ಎತ್ತುತ್ತಿರುತ್ತಾರೆ. ಗಿರಾಕಿಗೆ ಅಚ್ಚಾದ ಕ್ಯಾಟಲಾಗ್ ಇಷ್ಟವೋ, ಆನ್‌ಲೈನ್‌ನಲ್ಲಿ ಹುಡುಕುವುದು ಇಷ್ಟವೋ? ತುಂಬ ಒಳ್ಳೆಯ ಪ್ರಶ್ನೆ. ಲಗ್ನಪತ್ರಿಕೆ ಹಂಚಿ ಮುಗಿದ ಮೇಲೆ ಹುಡುಗಿಯನ್ನು ಕರೆದು "ನಿನಗೆ ಒಪ್ಪಿಗೆಯೇನಮ್ಮಾ?" ಅಂತ ಕೇಳಿದಷ್ಟೇ ಒಳ್ಳೆಯದು.

ಅಮೆರಿಕದ ಸಿಯರ್ಸ್ ಕಂಪನಿಯನ್ನೇ ನೋಡಿ. ಸುಮಾರು ನೂರು ವರ್ಷ ದಪ್ಪ ಕ್ಯಾಟಲಾಗ್ ಅಚ್ಚು ಹಾಕಿ ಹಳ್ಳಿಹಳ್ಳಿಗೆ ಅಂಚೆಯಲ್ಲಿ ಕಳಿಸಿತು. 1908ರಿಂದ 1940ರವರೆಗೆ ಇಡೀ ಮನೆಯನ್ನೇ ಅಂಚೆ ಆರ್ಡರ್ ಮೇಲೆ ಮಾರಿತು. ಮರ, ಮೊಳೆ, ಬಾಗಿಲು, ಕಿಟಕಿ ರೈಲಿನಲ್ಲಿ ಬರುತ್ತಿದ್ದವು, ಜೋಡಿಸಿಕೊಳ್ಳುವುದು ನಿಮ್ಮ ಹಣೆಬರಹ. ಇಂಥ ಕಂಪನಿ 1993ರಲ್ಲಿ, ಈ ಪುಸ್ತಕ ಇನ್ನು ಯಾರಿಗೂ ಬೇಡ ಅಂತ ತೀರ್ಮಾನಿಸಿ ನಿಲ್ಲಿಸಿತು. ಮಾರನೇ ವರ್ಷ ಅಮೆಜಾನ್ ಹುಟ್ಟಿತು. 2018ರ ಅಕ್ಟೋಬರ್‌ನಲ್ಲಿ ಸಿಯರ್ಸ್ ದಿವಾಳಿ ಅರ್ಜಿ ಹಾಕಿತು. ಅದೇ ವರ್ಷದ ಕ್ರಿಸ್‌ಮಸ್ ಹೊತ್ತಿಗೆ ಅಮೆಜಾನ್ ಏನು ಮಾಡಿತು ಗೊತ್ತಾ? ಆಟದ ಸಾಮಾನಿನ ಕ್ಯಾಟಲಾಗ್ ಕಾಗದದ ಮೇಲೆ ಅಚ್ಚು ಹಾಕಿಸಿ ಅಮೆರಿಕದ ಮನೆಗಳಿಗೆ ಅಂಚೆಯಲ್ಲಿ ಕಳಿಸಿತು!

ಮೇಜು, ಕುರ್ಚಿ, ಮಂಚ ಮಾರುವ ಐಕಿಯಾದ್ದು ಇನ್ನೊಂದು ಚಂದ. 1951ರಲ್ಲಿ ಮೊದಲ ಕ್ಯಾಟಲಾಗ್. 2016ರಲ್ಲಿ 20 ಕೋಟಿ ಪ್ರತಿ, 32 ಭಾಷೆ. 2020ರ ಡಿಸೆಂಬರ್‌ನಲ್ಲಿ, ಇನ್ನು ಸಾಕು ಅಂದರು. ಅದಾಗಿ ಒಂದೂವರೆ ವರ್ಷಕ್ಕೆ, 2022ರ ಜೂನ್‌ನಲ್ಲಿ, ಬೆಂಗಳೂರಿನ ನಾಗಸಂದ್ರದಲ್ಲಿ ಅಂಗಡಿ ತೆರೆಯಿತು. ಅಂದರೆ ಪುಸ್ತಕದ ತಿಥಿ ಆದ ಮೇಲೆ ನಮಗೆ ಆಹ್ವಾನ. ಅಂಗಡಿಯೊಳಗೆ ನೆಲದ ಮೇಲೆ ಬಾಣದ ಗುರುತು ಹಾಕಿರುತ್ತಾರೆ, ಅದರ ಹಿಂದೆಯೇ ಹೋಗಬೇಕು. ಮೊದಲು ಜನ ಕೂತಲ್ಲೇ ಪುಟ ತಿರುಗಿಸುತ್ತಿದ್ದರು. ಈಗ ಜನವೇ ತಿರುಗುತ್ತಾರೆ.

ಇನ್ನು ನಮ್ಮೂರಿನದೇ ಮಿಂತ್ರಾ. 2015ರ ಮೇ ತಿಂಗಳಲ್ಲಿ ವೆಬ್‌ಸೈಟ್ ಮುಚ್ಚಿ, ಇನ್ನು ಆ್ಯಪ್‌ನಲ್ಲಿ ಮಾತ್ರ ಬಟ್ಟೆ ಅಂದಿತು. ದೊಡ್ಡ ಪರದೆಯ ಮುಂದೆ ಕೂತು ಸೀರೆಯ ಅಂಚು ನೋಡುವ ಹೆಂಗಸರನ್ನು ಯಾರೂ ಕೇಳಲಿಲ್ಲ. ಭವಿಷ್ಯ ಎಲ್ಲ ಮೊಬೈಲ್‌ನಲ್ಲೇ ಅಂತ ಭಾಷಣಗಳಾದವು. ಹೆಚ್ಚುಕಡಿಮೆ ಒಂದು ವರ್ಷ. 2016ರ ಜೂನ್‌ನಲ್ಲಿ ವೆಬ್‌ಸೈಟ್ ವಾಪಸ್. ಭವಿಷ್ಯಕ್ಕೆ ಹೋಗಿ, ಅಲ್ಲಿ ಗಿರಾಕಿ ಕಡಿಮೆ ಅಂತ ತಿರುಗಿ ಬಂದವರಲ್ಲಿ ಬಹುಶಃ ಇವರೇ ಮೊದಲಿಗರು.

ಹಾಗಂತ ಅಚ್ಚಿನ ಕಾಲ ಸತ್ಯಯುಗ ಅಂತ ನಾನೇನೂ ಹೇಳುವುದಿಲ್ಲ. ನಮ್ಮಪ್ಪನನ್ನು ಕೇಳಿದ್ದರೆ ಗೊತ್ತಾಗುತ್ತಿತ್ತು. ವಿ.ಪಿ.ಪಿ. ಅನ್ನುವ ವ್ಯವಸ್ಥೆ ನಮ್ಮ ಅಂಚೆಗೆ ಬಂದದ್ದು 1877ರಲ್ಲಿ. ಇವತ್ತಿನ ಕ್ಯಾಶ್ ಆನ್ ಡೆಲಿವರಿಯ ಮುತ್ತಾತ. ಪತ್ರಿಕೆಗಳ ಹಿಂದಿನ ಪುಟಗಳಲ್ಲಿ ಸಣ್ಣ ಸಣ್ಣ ಜಾಹೀರಾತು ಇರುತ್ತಿದ್ದವು. ಒಂಬತ್ತು ಮನೆಯ ಚೌಕ. 1ರಿಂದ 9ರವರೆಗಿನ ಅಂಕಿ ತುಂಬಿ, ಅಡ್ಡ, ಉದ್ದ, ಮೂಲೆ, ಹೇಗೆ ಕೂಡಿದರೂ 15 ಬರಬೇಕು. ಗೆದ್ದವರಿಗೆ ಟ್ರಾನ್ಸಿಸ್ಟರ್!

ಅಪ್ಪ ಲೆಕ್ಕದ ಮೇಷ್ಟ್ರು. ಎರಡು ನಿಮಿಷದಲ್ಲಿ ತುಂಬಿ ಕಾರ್ಡು ಹಾಕಿದರು. ವಾರ ಕಳೆದು ಅಭಿನಂದನಾ ಪತ್ರ ಬಂತು. ದೇಶದಲ್ಲೇ ಬುದ್ಧಿವಂತರಾದ ಕೆಲವರಲ್ಲಿ ನೀವೂ ಒಬ್ಬರು, ಪ್ಯಾಕಿಂಗ್ ಮತ್ತು ಅಂಚೆ ಖರ್ಚು 45 ರೂಪಾಯಿ ಮಾತ್ರ ಕೊಟ್ಟು ಬಿಡಿಸಿಕೊಳ್ಳಿ. ಪೋಸ್ಟ್‌ಮ್ಯಾನ್ ಬಂದ ದಿನ ಬೀದಿಯೆಲ್ಲ ನಮ್ಮ ಜಗಲಿಯಲ್ಲಿತ್ತಂತೆ. ವಿ.ಪಿ.ಪಿ. ನಿಯಮ ನಿಮಗೆ ಗೊತ್ತಲ್ಲ, ಮೊದಲು ದುಡ್ಡು, ಆಮೇಲೆ ಪೊಟ್ಟಣ. ಅಪ್ಪ ದುಡ್ಡು ಎಣಿಸಿ, ದಾರ ಬಿಚ್ಚಿ, ಟ್ರಾನ್ಸಿಸ್ಟರ್ ತೆಗೆದರು. ನಿಜವಾದ ಟ್ರಾನ್ಸಿಸ್ಟರೇ. ಗುಂಡಿ ಇತ್ತು, ಮುಳ್ಳು ಇತ್ತು, ಬೆಲ್ಟು ಕೂಡ ಇತ್ತು. ಒಳಗೆ ಏನೂ ಇರಲಿಲ್ಲ, ಅಷ್ಟೇ. ಬರೀ ಪ್ಲಾಸ್ಟಿಕ್ ಗೂಡು. ಅದು ನಮ್ಮ ನಡುಮನೆಯ ಗೂಟಕ್ಕೆ ಬಹಳ ವರ್ಷ ನೇತಾಡುತ್ತಿತ್ತು. ಅಪ್ಪ ಅದರೊಳಗೆ ಕರೆಂಟ್ ಬಿಲ್ಲು ಇಡುತ್ತಿದ್ದರು.

ಇಟ್ಟಿಗೆ ಬಂದವರೂ ಇದ್ದರು. ಆ ಲೆಕ್ಕದಲ್ಲಿ ಅಪ್ಪ ಪುಣ್ಯವಂತರು. 2022ರ ದೀಪಾವಳಿ ಹೊತ್ತಿಗೆ ಮಂಗಳೂರಿನಲ್ಲಿ ಒಬ್ಬರು ಆನ್‌ಲೈನ್‌ನಲ್ಲಿ ಲ್ಯಾಪ್‌ಟಾಪ್ ತರಿಸಿದಾಗ ಡಬ್ಬದಲ್ಲಿ ಕಲ್ಲು ಬಂದ ಸುದ್ದಿ ನೀವೂ ಓದಿರಬೇಕು. ವಿ.ಪಿ.ಪಿ. ಕಾಲದಲ್ಲಿ ಕನಿಷ್ಠ ಸುಟ್ಟ ಇಟ್ಟಿಗೆ ಕಳಿಸುತ್ತಿದ್ದರು. ಅಷ್ಟು ತಂತ್ರಜ್ಞಾನ ಬೆಳೆದು ಬರೀ ಕಲ್ಲಿಗೆ ಬಂದು ನಿಂತಿದ್ದೇವೆ.

ಒಂದು ವ್ಯತ್ಯಾಸ ಮಾತ್ರ ಇದೆ. ಅಚ್ಚಾದ ಸುಳ್ಳು ಅಚ್ಚಾದ ಹಾಗೆಯೇ ಇರುತ್ತಿತ್ತು. ಹಾಳೆ ಹರಿದು ಇಟ್ಟುಕೊಂಡರೆ ಹತ್ತು ವರ್ಷ ಬಿಟ್ಟೂ ಅದೇ ಸುಳ್ಳನ್ನು ತೋರಿಸಿ ಬೈಯಬಹುದಿತ್ತು. ಫೋನಿನ ಸುಳ್ಳು ಹಾಗಲ್ಲ. ಮಗನಿಗೆ ತೋರಿಸೋಣ ಅಂತ ಕರೆಯುವಷ್ಟರಲ್ಲಿ ಬೇರೆ ಸುಳ್ಳಾಗಿರುತ್ತದೆ.

ಇದನ್ನೆಲ್ಲ ನಮ್ಮ ಸರ್ಕಾರ ನೋಡಿಲ್ಲ ಅಂತಲ್ಲ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಮಾರ್ಗಸೂಚಿ ಹೊರಡಿಸಿತು. ಈ ಕಣ್ಕಟ್ಟುಗಳಿಗೆ ಡಾರ್ಕ್ ಪ್ಯಾಟರ್ನ್ ಅಂತ ಹೆಸರು. ಒಟ್ಟು 13 ಬಗೆ ಅಂತ ಎಣಿಸಿ, ಒಂದೊಂದಕ್ಕೂ ಉದಾಹರಣೆ ಕೊಟ್ಟಿದ್ದಾರೆ. ಸುಳ್ಳು ಅವಸರ ಹುಟ್ಟಿಸುವುದು ಮೊದಲನೆಯದು. ಅಂದರೆ ಅಮ್ಮ ಕಂಡುಹಿಡಿದ ಬಸ್ ಏಜೆಂಟ್.

ಇನ್ನೊಂದು, ಕೇಳದೆ ಬುಟ್ಟಿಗೆ ತುಂಬುವುದು. ನೀವು ಬೇಕು ಅನ್ನದಿದ್ದರೂ ವಿಮೆಯೋ ದಾನವೋ ಬಿಲ್ಲಿಗೆ ಸೇರಿರುತ್ತದೆ. ಇದನ್ನು ವಿವರಿಸಿದಾಗ ಅಮ್ಮನಿಗೆ ಅರ್ಥವೇ ಆಗಲಿಲ್ಲ. "ತರಕಾರಿಯವನೂ ಕೇಳದೇನೇ ಕರಿಬೇವು ಹಾಕ್ತಾನಲ್ಲೋ" ಅಂದಳು. ಅದು ಕೊಸರು ಅಮ್ಮಾ, ಅದಕ್ಕೆ ದುಡ್ಡು ತಗೊಳ್ಳಲ್ಲ. ಇದು ದುಡ್ಡು ಕೊಟ್ಟು ತಗೋಬೇಕಾದ ಕೊಸರು ಅಂದೆ. ಅಮ್ಮ ನನ್ನ ಮುಖವನ್ನೇ ನೋಡಿದಳು.

ಮತ್ತೊಂದು, ಬೇಡ ಅಂದವರಿಗೆ ನಾಚಿಕೆ ಆಗುವಂತೆ ಮಾಡುವುದು. ವಿಮಾನದ ಟಿಕೆಟ್ ಜೊತೆ ವಿಮೆ ಬೇಡ ಅನ್ನಬೇಕಾದರೆ "ನಾನು ಅಸುರಕ್ಷಿತವಾಗಿಯೇ ಇರುತ್ತೇನೆ" ಅನ್ನುವ ಅರ್ಥದ ಗುಂಡಿ ಒತ್ತಬೇಕು. ಮಾರ್ಗಸೂಚಿಯಲ್ಲಿ ಕೊಟ್ಟಿರುವ ಉದಾಹರಣೆಯೇ ಇದು. ನಮ್ಮ ಮದುವೆಮನೆಗಳಲ್ಲಿ ಈ ವಿದ್ಯೆ ಮೊದಲಿನಿಂದಲೂ ಇದೆ. ಮೂರನೇ ಹೋಳಿಗೆ ಬೇಡ ಅಂದು ನೋಡಿ. "ಹೂಂ, ನಮ್ಮನೆ ಹೋಳಿಗೆ ನಿಮಗೆಲ್ಲಿ ರುಚಿಸುತ್ತೆ ಬಿಡಿ." ಆದರೆ ಅಲ್ಲಿ ತುಪ್ಪ ಸಿಗುತ್ತದೆ.

ಹದಿಮೂರನ್ನೂ ಎಣಿಸಿದ್ದಾಯಿತು. ಮುಂದೆ? 2025ರ ಜೂನ್‌ನಲ್ಲಿ ಪ್ರಾಧಿಕಾರ ಆನ್‌ಲೈನ್ ಅಂಗಡಿಗಳಿಗೆಲ್ಲ ಒಂದು ಸಲಹೆ ಕೊಟ್ಟಿತು. ನಿಮ್ಮಲ್ಲಿ ಈ ಮೋಸಗಳಿವೆಯಾ ಅಂತ ಮೂರು ತಿಂಗಳೊಳಗೆ ನೀವೇ ಪರೀಕ್ಷೆ ಮಾಡಿಕೊಳ್ಳಿ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದೆ ಅಂತ ಗೊತ್ತಿತ್ತು. ಆ ಬೆಕ್ಕಿಗೇ ಲೆಕ್ಕದ ಪುಸ್ತಕ ಕೊಟ್ಟು, ಹಾಲಿನ ಪಾತ್ರೆ ಪರಿಶೀಲಿಸಿ ವರದಿ ಕೊಡು ಅಂದದ್ದನ್ನು ಈಗಲೇ ನೋಡಿದ್ದು. ನವೆಂಬರ್ ಹೊತ್ತಿಗೆ 26 ದೊಡ್ಡ ಆನ್‌ಲೈನ್ ವೇದಿಕೆಗಳು ಬರೆದುಕೊಟ್ಟವು: ನಾವೇ ನೋಡಿಕೊಂಡೆವು, ನಮ್ಮಲ್ಲಿ ಅಂಥದ್ದೇನೂ ಇಲ್ಲ. ಸರ್ಕಾರ ಮೆಚ್ಚಿಕೊಂಡಿತು.

ಈ ಪದ್ಧತಿಯನ್ನು ಬೇರೆ ಕಡೆಗೂ ತರಬೇಕು ಅಂತ ನನ್ನ ಮನವಿ. ಸಿಗ್ನಲ್ ಹಾರಿದೆನಾ ಅಂತ ನಾನೇ ಮೂರು ತಿಂಗಳು ಯೋಚಿಸಿ ಟ್ರಾಫಿಕ್ ಪೊಲೀಸರಿಗೆ ಬರೆದುಕೊಡುತ್ತೇನೆ. ಎಸ್ಸೆಸ್ಸೆಲ್ಸಿ ಮಕ್ಕಳು ತಮ್ಮ ತಮ್ಮ ಪೇಪರ್ ತಿದ್ದಿಕೊಳ್ಳಲಿ. ನಮ್ಮಪ್ಪನ ಕಾಲದಲ್ಲಿ ಇದು ಇದ್ದಿದ್ದರೆ ನಾನು ಎಲ್ಲಿಗೋ ಹೋಗಿಬಿಡುತ್ತಿದ್ದೆ.

ಮತ್ತೆ ಗ್ಯಾಸ್ಕೆಟ್‌ಗೆ ಬರೋಣ. 89 ರೂಪಾಯಿ ಅಂದಿದ್ದು ದುಡ್ಡು ಕಟ್ಟುವ ಪುಟಕ್ಕೆ ಬರುವಷ್ಟರಲ್ಲಿ ದಾರಿಯಲ್ಲಿ ನೆಂಟರನ್ನೆಲ್ಲ ಕರೆದುಕೊಂಡು ಬಂದಿತ್ತು. ಡೆಲಿವರಿ 30. ಹ್ಯಾಂಡ್ಲಿಂಗ್ 12. ಮಳೆ ಶುಲ್ಕ 15. ಹೊರಗೆ ಕಣ್ಣು ಕುಕ್ಕುವ ಬಿಸಿಲು. ಕೊನೆಗೆ "ಸಣ್ಣ ಕಾರ್ಟ್ ಶುಲ್ಕ" 20.

"ಹಂಗಂದ್ರೆ?"

"ಕಮ್ಮಿ ಸಾಮಾನು ತಗೊಂಡ್ರೆ ಹಾಕ್ತಾರಮ್ಮ."

"ಕಮ್ಮಿ ತಗೊಂಡಿದ್ದಕ್ಕೆ ದಂಡಾನಾ?"

ಒಟ್ಟು 166. ಆದರೆ 199 ದಾಟಿದರೆ ಡೆಲಿವರಿಯೂ ದಂಡವೂ ಮಾಫಿ ಅಂತ ಇನ್ನೊಂದು ಪಟ್ಟಿ ಮಿನುಗಿತು. ಬುದ್ಧಿವಂತನ ಮಗ ನಾನು. ಪಾತ್ರೆ ಉಜ್ಜುವ ನಾರು, ಒಣದ್ರಾಕ್ಷಿ ಸೇರಿಸಿ 115 ರೂಪಾಯಿ ಜಾಸ್ತಿ ಮಾಡಿದೆ. 50 ರೂಪಾಯಿ ಉಳಿಸಿ 231 ಕಟ್ಟಿದೆ. ಅಪ್ಪನ ಚೌಕ ನೆನಪಾಯಿತು. ಇಲ್ಲೂ ಹಾಗೇ, ಹೇಗೆ ಕೂಡಿದರೂ ಅವರ ಲೆಕ್ಕವೇ ಬರುತ್ತದೆ.

ಸಾಮಾನು ಬರುವ ಹೊತ್ತಿಗೆ ಅಮ್ಮ ಬೇರೆ ಕೆಲಸದಲ್ಲಿದ್ದಳು. ಬೆಳಗಿನ ಪೇಪರ್ ಒಳಗಿಂದ ಸೂಪರ್ ಮಾರ್ಕೆಟ್‌ನವರ ಬಣ್ಣದ ಹಾಳೆ ಜಾರಿ ಬಿದ್ದಿತ್ತು. ಅಚ್ಚಿನ ಕ್ಯಾಟಲಾಗ್ ಸತ್ತಿದೆ ಅನ್ನುವವರು ಯಾರೂ ತಿಂಗಳ ಮೊದಲ ವಾರ ಬೆಂಗಳೂರಿನಲ್ಲಿ ಪೇಪರ್ ಕೊಡವಿ ನೋಡಿಲ್ಲ ಅಂತ ಕಾಣುತ್ತದೆ. ಅಮ್ಮ ಪೆನ್ನು ಹಿಡಿದು ಕೂತಿದ್ದಳು. ತೊಗರಿಬೇಳೆಗೆ ಒಂದು ಸುತ್ತು. ಕಡಲೆಕಾಯಿ ಎಣ್ಣೆಗೆ ಸುತ್ತು ಹಾಕಿ, ಆಮೇಲೆ ಹೊಡೆದು ಹಾಕಿದಳು. ಊರಿನ ಗಾಣದ್ದೇ ವಾಸಿ. ಹಿಂದಿನ ಪುಟ ಮಗುಚಿ ಡಿಟರ್ಜೆಂಟ್‌ಗಳ ಮೇಲೆ ಕಣ್ಣಾಡಿಸಿ, "ಹೂಂ, ಓದಾಯ್ತು" ಅಂದಳು. ಹಾಳೆ ಮಡಚಿ ಡಬ್ಬಿ ಇಡುವ ಶೆಲ್ಫಿಗೆ ಹಾಸಿದಳು.

ಓದಾಯ್ತು. ನನ್ನ ಫೋನಿನ ಅಂಗಡಿಯಲ್ಲಿ ಈ ಮಾತನ್ನು ಒಮ್ಮೆ ಹೇಳಬೇಕು ಅಂತ ಆಸೆ. ಎಷ್ಟು ತಳ್ಳಿದರೂ ಕೆಳಗೆ ಇನ್ನಷ್ಟು ಬರುತ್ತಲೇ ಇರುತ್ತದೆ. ರಾತ್ರಿ ಒಂದು ಗಂಟೆಗೆ ಹೆಬ್ಬೆರಳು ಸೋತು ಬಿಡಬೇಕೇ ಹೊರತು ಅದು ಮುಗಿಯುವುದಿಲ್ಲ. ಶೆಲ್ಫಿಗೆ ಹಾಸಲೂ ಬರುವುದಿಲ್ಲ.

ಹದಿನಾಲ್ಕು ನಿಮಿಷಕ್ಕೆ ಗ್ಯಾಸ್ಕೆಟ್ ಬಂತು. ತಂದ ಹುಡುಗನ ಅಂಗಿ ಬೆವರಿಗೆ ಒದ್ದೆಯಾಗಿತ್ತು. ಮಳೆ ಶುಲ್ಕ ಬಹುಶಃ ಅದಕ್ಕೇ ಇರಬೇಕು. ನಮ್ಮದು ಐದು ಲೀಟರ್ ಕುಕ್ಕರ್, ಬಂದದ್ದು ಮೂರು ಲೀಟರಿನದ್ದು. ವಾಪಸ್ ಮಾಡಲು ನೋಡಿದೆ. ಅಡುಗೆಮನೆ ರಬ್ಬರ್ ಸಾಮಾನು ವಾಪಸ್ ಇಲ್ಲ ಅಂತ ಬೂದು ಅಕ್ಷರದಲ್ಲಿತ್ತು. ಚಾಟ್‌ನಲ್ಲಿದ್ದ ರೋಬೋಟ್ ನನ್ನ ಬೇಸರವನ್ನು ಅರ್ಥ ಮಾಡಿಕೊಂಡಿದ್ದೇನೆ ಅಂದಿತು. ಮೂರು ಸಲ.

ಅಮ್ಮ ಹಳೆ ಗ್ಯಾಸ್ಕೆಟ್ ಅನ್ನು ಬಳೆ ಥರ ಕೈಗೆ ಹಾಕಿಕೊಂಡು, ಚಪ್ಪಲಿ ಮೆಟ್ಟಿ ಹೊರಟಳು. ಇನ್ನೂರು ಹೆಜ್ಜೆ. ಅಂಗಡಿಯವರು ಮೊಳೆಗೆ ನೇತುಹಾಕಿದ್ದ ಗೊಂಚಲಿನಿಂದ ಒಂದು ಎಳೆದು, ಹಳೆಯದರ ಮೇಲೆ ಇಟ್ಟು ಅಳತೆ ನೋಡಿ, "70 ಕೊಡಿ ಅಮ್ಮಾ" ಅಂದರಂತೆ. ಅಮ್ಮ 60 ಕೊಟ್ಟು ಬಂದಳು. ಅಲ್ಲಿ ಎಷ್ಟು ಜನ ನೋಡುತ್ತಿದ್ದರು ಅಂತ ಕೇಳಿದೆ. "ಒಂದು ನಾಯಿ ನೋಡ್ತಿತ್ತು" ಅಂದಳು.

ಸಂಜೆ ಕುಕ್ಕರ್ ಮೂರು ಸಲ ಕೂಗಿತು. ಆ ಸಣ್ಣ ಗ್ಯಾಸ್ಕೆಟ್ ಎಲ್ಲಿ ಅಂತ ಹುಡುಕಿದರೆ, ಅಮ್ಮ ಅದನ್ನು ಮೊಸರಿನ ಗಡಿಗೆಯ ಕೆಳಗೆ ಸಿಂಬೆ ಮಾಡಿ ಇಟ್ಟಿದ್ದಳು. ಗಡಿಗೆ ಅಲ್ಲಾಡದೆ ಕೂತಿತ್ತು. ಅಷ್ಟರಲ್ಲಿ ಫೋನ್ ಟಿಣ್ ಅಂದಿತು. ನೀವು ಕೊಂಡ ವಸ್ತು ಹೇಗಿದೆ, ನಿಮ್ಮ ಅಭಿಪ್ರಾಯ ತಿಳಿಸಿ.

"ಏನಂತೆ?" ಅಂದಳು ಅಮ್ಮ. ಹೇಳಿದೆ. ಗಡಿಗೆಯನ್ನು ಒಂದು ಸಲ ಅಲ್ಲಾಡಿಸಿ ನೋಡಿದಳು.

"ಸಿಂಬೆ ಚೆನ್ನಾಗಿದೆ, ಸ್ವಲ್ಪ ದುಬಾರಿ ಆಯ್ತು ಅಂತ ಬರಿ."